ಹಾಲಿನಲ್ಲಿ ಗರಣೆ ಕಾಣುವ ಮುನ್ನ

ಮುಂಗಾರು ಹಿಡಿದು ಕೊಟ್ಟಿಗೆಯ ನೆಲ ಆರದ ದಿನಗಳಿವು. ಮಂಡ್ಯ, ಹಾಸನ, ಕೋಲಾರದ ಕಡೆ ಸೀಮೆಹಸು ಕಟ್ಟಿರುವವರು ಈಗಲೇ ಎಚ್ಚರವಾಗಬೇಕು. ಕೆಚ್ಚಲು ಕೆಂಪೇರಿ ಕಲ್ಲಾಗಿ, ಹಸು ಒದೆಯತೊಡಗಿದರೆ ಬಾವು ಎಲ್ಲರ ಕಣ್ಣಿಗೂ ಬೀಳುತ್ತದೆ. ನಮ್ಮ ಆತಂಕ ಕಾಣದ ಬಾವಿನದು. ಹಾಲು ಬೆಳ್ಳಗೇ ಇರುತ್ತದೆ, ಹಸು ಮೇವು ಬಿಡುವುದಿಲ್ಲ. ಅರ್ಧ ಲೀಟರ್ ಕಡಿಮೆಯಾದರೆ ಹಿಂಡಿ ಸರಿಯಿಲ್ಲವೆಂದು ಗೊಣಗಿ ಸುಮ್ಮನಾಗುತ್ತೇವೆ. ಡೈರಿಯ ಲ್ಯಾಕ್ಟೋಮೀಟರಿಗೂ ಅದು ಸುಲಭಕ್ಕೆ ಸಿಕ್ಕುವುದಿಲ್ಲ.

ಪತ್ತೆಹಚ್ಚುವ ವಿದ್ಯೆಯೇನೂ ಹೊಸದಲ್ಲ. 1957ರಲ್ಲೇ ಬಂದ ಕ್ಯಾಲಿಫೋರ್ನಿಯಾ ಮಸ್ಟೈಟಿಸ್ ಪರೀಕ್ಷೆಗೆ ಬೇಕಾಗುವುದು ನಾಲ್ಕು ಗುಳಿಯ ತಟ್ಟೆ, ಒಂದು ಬಾಟಲಿ ದ್ರಾವಣ. ಒಂದೊಂದು ತೊಟ್ಟಿನ ಹಾಲನ್ನು ಒಂದೊಂದು ಗುಳಿಗೆ ಕರೆದು, ಅಷ್ಟೇ ದ್ರಾವಣ ಬೆರೆಸಿ, ತಟ್ಟೆಯನ್ನು ಮೆಲ್ಲಗೆ ತಿರುಗಿಸಬೇಕು. ಸೋಂಕಿನ ತೊಟ್ಟಿನ ಹಾಲು ಲೋಳೆಗಟ್ಟುತ್ತದೆ. ರೋಗಾಣುಗಳೊಡನೆ ಸೆಣಸಲು ಬಂದ ಬಿಳಿ ರಕ್ತಕಣಗಳು ಒಡೆದು ಆದ ಲೋಳೆ ಅದು. ಮಿಲಿಲೀಟರಿಗೆ ಇಂಥ ಕಣಗಳು 2 ಲಕ್ಷ ದಾಟಿದರೆ ಪಶುವೈದ್ಯರು ಸೋಂಕನ್ನೇ ಶಂಕಿಸುತ್ತಾರೆ. ಪ್ರತಿ ಹಾಲು ಸಂಘದಲ್ಲಿ ಫ್ಯಾಟ್ ಅಳೆಯುವ ಯಂತ್ರದ ಪಕ್ಕ ಈ ತಟ್ಟೆಯೂ ಇರಲಿ, ತಿಂಗಳಿಗೊಮ್ಮೆ ಮನೆಮನೆಯ ಕೊಟ್ಟಿಗೆಗೆ ಹೋಗಿಬರಲಿ ಎಂಬುದು ನಮ್ಮ ಒತ್ತಾಯ.

ಈ ಸೋಂಕು ತರುವ ರೋಗಾಣುಗಳಲ್ಲಿ ಒಂದಾದ ಸ್ಟ್ಯಾಫಿಲೊಕಾಕಸ್ ಆರಿಯಸ್ ಹಸುವಿನಿಂದ ಹಸುವಿಗೆ ದಾಟುವುದು ಹೆಚ್ಚಾಗಿ ಕರೆಯುವವರ ಕೈಯಿಂದ, ಎಲ್ಲ ಕೆಚ್ಚಲಿಗೂ ಒಂದೇ ಆದ ಆ ಒದ್ದೆ ಬಟ್ಟೆಯಿಂದ. ಅದಕ್ಕೇ ಚೊಚ್ಚಲ ಹಸು ಮೊದಲು, ಬಾವಿನದು ಕೊನೆಗೆ. ಇನ್ನೊಂದು ರೋಗಾಣು ಇ. ಕೋಲಿ ಸಗಣಿಯಿಂದ ನೇರ ಬರುತ್ತದೆ. ಕರೆದ ಮೇಲೆ ತೊಟ್ಟಿನ ರಂಧ್ರ ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಹಸು ಮಲಗಿತೋ, ಕೊಳಕಿಗೆ ಬಾಗಿಲು ತೆರೆದೇ ಇರುತ್ತದೆ. ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ ಮುಂದೆ ಹಸಿ ಮೇವು ಹಾಕಿದರೆ ಅದು ತಾನಾಗಿ ನಿಂತಿರುತ್ತದೆ. ಕರೆಯುವಾಗಲೇ ಬೂಸಾ ಪೂರ್ತಿ ಮುಗಿಸಿಬಿಡುವ ನಮ್ಮ ರೂಢಿ ಎಡವುವುದು ಇಲ್ಲೇ.

ಮೆಡಿಕಲ್ಲಿನಿಂದ ಬಾವಿನ ಔಷಧದ ಟ್ಯೂಬ್ ತಂದು ತಾವೇ ತೊಟ್ಟಿಗೆ ಏರಿಸಿ, ಗರಣೆ ನಿಂತ ಕೂಡಲೇ ಔಷಧ ಬಿಡುವವರೂ ಇದ್ದಾರೆ. ರೋಗಾಣು ಉಳಿಯುತ್ತದೆ, ಔಷಧದ ಅಂಶ ಕ್ಯಾನಿಗೆ ಸೇರುತ್ತದೆ. ಎಷ್ಟು ದಿನ ಆ ಹಾಲು ಹಾಕಬಾರದೆಂದು ವೈದ್ಯರನ್ನೇ ಕೇಳಬೇಕು.

ಗಬ್ಬದ ಹಸುವಿನ ಹಾಲನ್ನು ಕರು ಹಾಕುವ 60 ದಿನ ಮುಂಚೆ ಬತ್ತಿಸುತ್ತೇವಲ್ಲ, ಕೆಚ್ಚಲಿನಲ್ಲಿ ಅವಿತ ಸೋಂಕಿಗೆ ಔಷಧ ಕೊಡಲು ಅದೇ ಹೊತ್ತು. ದೀಪಾವಳಿಗೆ ಕರು ಹಾಕಲಿರುವ ಹಸುವಿದ್ದರೆ, ಶ್ರಾವಣ ಮುಗಿಯುವಷ್ಟರಲ್ಲಿ ವೈದ್ಯರು ಒಮ್ಮೆ ಕೊಟ್ಟಿಗೆಗೆ ಬಂದಿರಬೇಕು.