ಇನ್ಸುಲಿನ್ ಗಿಡ ಬೆಳೆಸೋಣ, ಮಾತ್ರೆ ಬಿಡಿಸುವುದು ಬೇಡ

ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಇನ್ಸುಲಿನ್ ಗಿಡವಿದೆ. ಪ್ರಥಮ ಪಿಯುಸಿಗೆ ಸೇರಿದ ವರ್ಷ ಗೆಳೆಯನ ಮನೆಯಿಂದ ಗೆಡ್ಡೆ ತಂದು ನೆಟ್ಟವನು ನಾನೇ. ನಮ್ಮ ದಾದಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. “ದಿನಾ ಒಂದು ಎಲೆ ತಿನ್ನಿ ದಾದಿ, ಇದು ಗಿಡ, ಏನೂ ತೊಂದರೆ ಇಲ್ಲ” ಎಂದು ಹೇಳಿದವನೂ ನಾನೇ. ಆ ಮಾತು ತಪ್ಪು ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಗಿಡದ ವಿಷಯ. ಇದರ ಮೂಲ ಬ್ರೆಜಿಲ್ ದೇಶ. ಸಸ್ಯಶಾಸ್ತ್ರದ ಹೆಸರು ಕಾಮೆಕಾಸ್ಟಸ್ ಕಸ್ಪಿಡೇಟಸ್. ಕಾಸ್ಟಸ್ ಇಗ್ನಿಯಸ್ ಎಂದೂ ಕರೆಯುತ್ತಾರೆ. ಸುಮಾರು ಎರಡು ಅಡಿ ಬೆಳೆಯುತ್ತದೆ. ಎಲೆಗಳು ಕಾಂಡದ ಸುತ್ತ ಮೆಟ್ಟಿಲಿನಂತೆ ಸುರುಳಿಯಾಗಿ ಬರುತ್ತವೆ, ಹೂವು ಕಿತ್ತಳೆ ಬಣ್ಣ. ಬೆಳೆಸುವುದು ಸುಲಭ. ಕೆಂಪು ಮಣ್ಣು, ಸ್ವಲ್ಪ ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿ ಗೆಡ್ಡೆಯ ತುಂಡನ್ನೋ ಕಾಂಡದ ತುಂಡನ್ನೋ ನೆಟ್ಟರೆ ಸಾಕು. ಬೆಳಗಿನ ಎಳೆ ಬಿಸಿಲು ಬೇಕು. ಮಧ್ಯಾಹ್ನದ ಬಿಸಿಲಿಗೆ ಎಲೆಯ ಅಂಚು ಸುಡುತ್ತದೆ. ಮಣ್ಣು ಒಣಗಬಾರದು, ಕುಂಡದಲ್ಲಿ ನೀರು ನಿಲ್ಲಲೂಬಾರದು, ನಿಂತರೆ ಗೆಡ್ಡೆ ಕೊಳೆಯುತ್ತದೆ. ನಮ್ಮ ದಾದಿ ವುಝೂ ಮಾಡುವುದೇ ಆ ಗಿಡದ ಪಕ್ಕದಲ್ಲಿ. ಆ ನೀರೇ ಅದಕ್ಕೆ ಸಾಲುತ್ತದೆ.

ದಾದಿ ದಿನಾ ಫಜರ್ ನಮಾಜ್ ಮುಗಿಸಿ ಒಂದು ಎಲೆ ಅಗಿಯುತ್ತಿದ್ದರು. “ಹುಳಿಹುಳಿಯಾಗಿ ಚೆನ್ನಾಗಿದೆ ಬೇಟಾ” ಎನ್ನುತ್ತಿದ್ದರು. ಒಂದು ಎಲೆ ಎರಡಾಯಿತು. ಯಾವಾಗ ಮಾತ್ರೆ ನಿಂತಿತೋ ನಮಗೆ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕು ತಿಂಗಳ ನಂತರ ಚಪ್ಪಲಿ ಕಚ್ಚಿ ಕಾಲ್ಬೆರಳಿಗೆ ಸಣ್ಣ ಗಾಯವಾಯಿತು. ಮೂರು ವಾರವಾದರೂ ಮಾಯಲಿಲ್ಲ. ಅಬ್ಬಾ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಖಾಲಿ ಹೊಟ್ಟೆಯ ಸಕ್ಕರೆ 312 ಇತ್ತು. ಬೆರಳು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಡ್ರೆಸ್ಸಿಂಗ್ ಮಾಡುವಾಗ ದಾದಿ ನನ್ನ ಕೈ ಹಿಡಿದುಕೊಂಡದ್ದನ್ನು ನಾನು ಮರೆಯಲಾರೆ.

ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಇನ್ಸುಲಿನ್ ಒಂದು ಪ್ರೋಟೀನ್ ಎಂದು ನಾವು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಬಾಯಿಂದ ತೆಗೆದುಕೊಂಡರೆ ಅದು ಬೇರೆ ಪ್ರೋಟೀನಿನಂತೆಯೇ ಜೀರ್ಣವಾಗಿ ಹೋಗುತ್ತದೆ. ಅದಕ್ಕೇ ಅದನ್ನು ಚುಚ್ಚಿಕೊಳ್ಳುವುದು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆಯುವ ನಾನು ಮನೆಯಲ್ಲಿ ಹಿತ್ತಿಲಿಗೆ ಹೋಗಿ ಎಲೆ ಕಿತ್ತುಕೊಟ್ಟೆ.

ಹಾಗಾದರೆ ಗಿಡಮೂಲಿಕೆಯಲ್ಲಿ ಏನೂ ಇಲ್ಲವೇ? ಹಾಗೆ ನಾನು ಹೇಳುವುದಿಲ್ಲ. ದಾದಿ ಬಿಟ್ಟ ಮಾತ್ರೆ ಮೆಟ್‌ಫಾರ್ಮಿನ್. ಅದರ ಕತೆಯೂ ಒಂದು ಗಿಡದಿಂದಲೇ ಶುರುವಾಗುತ್ತದೆ. ಗಲೇಗಾ ಎಂಬ ಗಿಡವನ್ನು ಯುರೋಪಿನಲ್ಲಿ ಹಿಂದಿನಿಂದಲೂ ಔಷಧಿಯಾಗಿ ಬಳಸುತ್ತಿದ್ದರು. ಅದರಲ್ಲಿದ್ದ ವಸ್ತು ರಕ್ತದ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷವೂ ಆಗಿತ್ತು. ಅದೇ ಜಾತಿಯ ರಾಸಾಯನಿಕಗಳ ಮೇಲೆ ವಿಜ್ಞಾನಿಗಳು ಕೆಲಸ ಮಾಡಿ 1922ರಲ್ಲಿ ಮೆಟ್‌ಫಾರ್ಮಿನ್ ತಯಾರಿಸಿದರು. ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು 1957ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಿಡಕ್ಕೂ ಮಾತ್ರೆಗೂ ಜಗಳವಿಲ್ಲ. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂದು ಅಳೆದು ನೋಡಿದ್ದಾರೆ, ಅಷ್ಟೇ ವ್ಯತ್ಯಾಸ. ನಮ್ಮ ಹಿತ್ತಿಲ ಎಲೆಗೆ ಆ ಅಳತೆ ಇಲ್ಲ. ಮಾತ್ರೆಯ ಜೊತೆ ತಿಂದು ಸಕ್ಕರೆ ತೀರಾ ಇಳಿದರೂ ಅಪಾಯವೇ.

“ಎಲೆ ಪುಕ್ಕಟೆ, ಮಾತ್ರೆಗೆ ದುಡ್ಡು” ಎಂದು ನಮ್ಮ ಬೀದಿಯಲ್ಲಿ ಹಲವರು ಹೇಳುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕಬಾರದು, ಕಷ್ಟ ನಿಜ. ಆದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು, ಜನೌಷಧಿ ಕೇಂದ್ರದಲ್ಲಿ ಇದೇ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ. ಓದಿದ ಮಕ್ಕಳಾದ ನಾವು ಮನೆಯ ಹಿರಿಯರಿಗೆ ಆ ದಾರಿ ತೋರಿಸಬೇಕು.

ನಮ್ಮ ಕಾಲೇಜಿಗೆ ನನ್ನದೊಂದು ವಿನಂತಿ. ಪ್ರಯೋಗಾಲಯದ ಹಿಂದಿನ ಖಾಲಿ ಜಾಗದಲ್ಲಿ ಇನ್ಸುಲಿನ್ ಗಿಡ, ದೊಡ್ಡಪತ್ರೆ, ಅಮೃತಬಳ್ಳಿ, ಲೋಳೆಸರ ಬೆಳೆಸೋಣ. ಪ್ರತಿ ಕುಂಡಕ್ಕೂ ಒಂದು ಫಲಕ ಇರಲಿ. ಅದರಲ್ಲಿ ಗಿಡದ ಹೆಸರಿನ ಜೊತೆ “ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ” ಎಂಬ ಸಾಲೂ ಇರಲಿ. ನೀರು ಹಾಕುವ ಕೆಲಸ ನಮ್ಮ ತರಗತಿ ವಹಿಸಿಕೊಳ್ಳುತ್ತದೆ.

ನಮ್ಮ ಗಿಡವನ್ನು ಕಿತ್ತುಹಾಕಲು ನಾನು ಹೊರಟಾಗ ದಾದಿಯೇ ಬಿಡಲಿಲ್ಲ. “ಗಿಡ ಏನು ತಪ್ಪು ಮಾಡಿದೆ?” ಎಂದು ಕೇಳಿದರು. ಈಗಲೂ ಅಕ್ಕಪಕ್ಕದವರು ಬಂದರೆ ಗೆಡ್ಡೆ ಕೊಡುತ್ತಾರೆ. ಜೊತೆಗೆ ತಮ್ಮ ಕಾಲ್ಬೆರಳನ್ನೂ ತೋರಿಸುತ್ತಾರೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ