ಗುಂಡಿನ ತೂಕ, ಗಾಯದ ಲೆಕ್ಕ

ಪಿರಿಯಾಪಟ್ಟಣದಿಂದ ಉತ್ತರಕ್ಕೆ ಹೊರಟ ಪ್ರಯಾಣಿಕನಿಗೆ ಬೆಟ್ಟದಪುರದ ಬೆಟ್ಟವು ಬಹುದೂರದಿಂದಲೇ ಕಾಣಿಸಿಕೊಳ್ಳುತ್ತದೆ. ಕಣದ ನಡುವೆ ರಾಗಿಯ ರಾಶಿ ಸುರಿದಂತೆ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಆ ಶಿಖರದ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿಯಿದೆ. ಪಶ್ಚಿಮಕ್ಕೆ ಕೊಡಗಿನ ಬೆಟ್ಟಸಾಲು. ನೈಋತ್ಯಕ್ಕೆ, ಹೊಗೆಸೊಪ್ಪಿನ ಹೊಲಗಳೂ ಊರುಗಳೂ ಮುಗಿದಲ್ಲಿ ನಾಗರಹೊಳೆಯ ಕಾಡು. ಕಾಡು ಇಷ್ಟು ಹತ್ತಿರವಿರುವ ಸೀಮೆಯಲ್ಲಿ ಕೋವಿಯು ಅಪರೂಪದ ವಸ್ತುವಲ್ಲ. ಹಳೆಯ ಮನೆಗಳಲ್ಲಿ ಪರವಾನಗಿಯ ಕೋವಿಯೊಂದು ಇಂದಿಗೂ ಉಂಟು. ವರ್ಷದಲ್ಲಿ ಒಂದು ದಿನ, ಆಯುಧಪೂಜೆಯಂದು, ಅದಕ್ಕೆ ಎಣ್ಣೆ, ಅರಿಸಿನ, ಕುಂಕುಮಗಳ ಉಪಚಾರ ನಡೆಯುತ್ತದೆ.

ಅಂತಹ ಒಂದು ಮನೆಯಲ್ಲಿ, ದಸರೆಯ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಹುಡುಗನು ಎಂಬತ್ತು ದಾಟಿದ ತಾತನನ್ನು ಕೇಳಿದನು:

"ತಾತ, ಎಲ್ಲಕ್ಕಿಂತ ಜೋರಾದ ತೋಟಾ ಯಾವುದು?"

ಜೋಡುನಳಿಗೆಯ ಕೋವಿಗೆ ಎಣ್ಣೆಬಟ್ಟೆ ಎಳೆಯುತ್ತಿದ್ದ ತಾತ ತಲೆಯೆತ್ತಲಿಲ್ಲ.

"ಏನನ್ನ ಹೊಡೆಯೋದಕ್ಕೆ ಮಗು? ಎಷ್ಟು ದೂರದಿಂದ?"

ಹುಡುಗನಿಗೆ ಇದು ಉತ್ತರವೆನಿಸಲಿಲ್ಲ. ಆದರೆ ಒಂದೂವರೆ ಶತಮಾನದಿಂದ ಬೇಟೆಗಾರರೂ ಕೋವಿ ತಯಾರಕರೂ ನಡೆಸಿಕೊಂಡು ಬಂದ ವಾದವೆಲ್ಲ ಆ ಎರಡು ಪ್ರಶ್ನೆಗಳೊಳಗೆ ಅಡಗಿದೆ.

ಮೊದಲು ತೂಕದ ಮಾತು. ಗುಂಡಿನ ತೂಕವನ್ನು ಇಂಗ್ಲಿಷರು ಗ್ರೇನ್ ಎಂಬ ಮಾನದಲ್ಲಿ ಹೇಳುವರು. 7000 ಗ್ರೇನಿಗೆ ಒಂದು ಪೌಂಡು. ನಮ್ಮ ಮನೆಗಳಲ್ಲಿ ಇದಕ್ಕಿಂತ ಸುಲಭವಾಗಿ ಅರ್ಥವಾಗುವ ಅಳತೆಯೊಂದಿದೆ, ಅಕ್ಕಸಾಲಿಗನ ತೊಲ. ಒಂದು ತೊಲಕ್ಕೆ 180 ಗ್ರೇನ್. ಇನ್ನು ಹನ್ನೆರಡು ಬೋರಿನ ಕೋವಿ ಎಂದರೇನು? ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆ ಮಾಡಿದರೆ ಅದರಲ್ಲಿ ಒಂದು ಉಂಡೆ ಹಿಡಿಸುವಷ್ಟು ಅಗಲದ ನಳಿಗೆ ಎಂದರ್ಥ. ಆದ್ದರಿಂದ ಬೋರಿನ ಸಂಖ್ಯೆ ಚಿಕ್ಕದಾದಷ್ಟೂ ಗುಂಡು ದೊಡ್ಡದು. ರೈಫಲಿನಲ್ಲಿ ಲೆಕ್ಕ ಬೇರೆ: .375, .405 ಮುಂತಾದವು ನಳಿಗೆಯ ಅಗಲವನ್ನು ಅಂಗುಲದ ಭಾಗದಲ್ಲಿ ಸುಮಾರಾಗಿ ಸೂಚಿಸುವ ಅಂಕಿಗಳು. ಕೋವಿಯ ಅಂಗಡಿಯಲ್ಲಿ ಹೊಸಬರು ತಬ್ಬಿಬ್ಬಾಗುವುದು ಇಲ್ಲಿಯೇ.

ಮೈಸೂರು ಸೀಮೆಯಲ್ಲಿ ಭಾರಿ ಗುಂಡಿನ ಕತೆ ಸ್ಯಾಂಡರ್ಸನ್ ಸಾಹೇಬನಿಂದ ಆರಂಭವಾಗುವುದು ನ್ಯಾಯ. ಮೈಸೂರು ಸರ್ಕಾರದ ಸೇವೆಯಲ್ಲಿದ್ದು 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ರಚಿಸಿ ಆನೆಗಳ ಹಿಂಡನ್ನು ಸೆರೆಹಿಡಿದವನು ಇವನೇ. ಮುಂದೆ ಕಾಕನಕೋಟೆಯ ಖೆಡ್ಡಾಗಳು ಲೋಕಪ್ರಸಿದ್ಧವಾಗಿ 1971ರವರೆಗೂ ನಡೆದವು. 1878ರಲ್ಲಿ ಪ್ರಕಟವಾದ, ಭಾರತದ ವನ್ಯಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳನ್ನು ಕುರಿತ ಅವನ ಗ್ರಂಥವನ್ನು ಪ್ರಾಣಿಪ್ರಿಯರು ಈಗಲೂ ಓದುವರು. ಆನೆಯನ್ನು ಎದುರಿಸಲು ಈತನು ಹಿಡಿದದ್ದು ನಾಲ್ಕು ಬೋರಿನ ಆಯುಧ. ಅಂದರೆ ಒಂದು ಉಂಡೆಗೆ ಕಾಲು ಪೌಂಡು ಸೀಸ. ನಮ್ಮ ಲೆಕ್ಕದಲ್ಲಿ ಹತ್ತು ತೊಲಕ್ಕೆ ತುಸುವೇ ಕಡಿಮೆ! ಮದುವೆಯ ಮನೆಯ ಒಡವೆಯಷ್ಟು ತೂಕವನ್ನು ಒಂದೇ ಈಡಿನಲ್ಲಿ ಹಾರಿಸುವಾಗ ಹೊಡೆದವನ ಭುಜದ ಗತಿಯೇನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಇದರ ಮೇಲೆ ಕರಿಮದ್ದಿನ ಹೊಗೆ. ಈಡು ಹಾರಿದ ಮರುಕ್ಷಣ ಮುಂದೆ ಬಿಳಿಯ ಪರದೆ. ಆನೆ ಬಿದ್ದಿತೋ, ಮೇಲೇರಿ ಬರುತ್ತಿದೆಯೋ ತಿಳಿಯುವಂತಿರಲಿಲ್ಲ.

ಇಷ್ಟು ಭಾರ ಏಕೆ ಬೇಕಾಯಿತು? ಕರಿಮದ್ದು ಗುಂಡಿಗೆ ಒಂದು ಮಿತಿಗಿಂತ ಹೆಚ್ಚಿನ ವೇಗವನ್ನು ಕೊಡಲಾರದು. ವೇಗ ಹೆಚ್ಚಿಸಲಾಗದವನು ತೂಕವನ್ನು ಹೆಚ್ಚಿಸಲೇಬೇಕು. 1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ ಮೇಲೆ ಈ ಕಟ್ಟು ಸಡಿಲವಾಯಿತು. ಗುಂಡಿನ ತೂಕ ಇಮ್ಮಡಿಸಿದರೆ ಅದರ ಶಕ್ತಿ ಇಮ್ಮಡಿಸುತ್ತದೆ. ವೇಗ ಇಮ್ಮಡಿಸಿದರಾದರೋ ಶಕ್ತಿ ನಾಲ್ಮಡಿಯಾಗುತ್ತದೆ. ಕೈಯಿಂದ ಎಸೆದ ಕಲ್ಲಿಗೂ ಕವಣೆಯಿಂದ ಬೀಸಿದ ಕಲ್ಲಿಗೂ ಇರುವ ಅಂತರವನ್ನು ಹೊಲ ಕಾಯುವ ಹುಡುಗರೆಲ್ಲ ಬಲ್ಲರು. 1898ರಲ್ಲಿ ಇಂಗ್ಲೆಂಡಿನ ರಿಗ್ಬಿ ಕಂಪನಿ ಹೊರತಂದ .450 ತೋಟಾದಲ್ಲಿ ಗುಂಡಿನ ತೂಕ 480 ಗ್ರೇನ್, ಎರಡೂಮುಕ್ಕಾಲು ತೊಲಕ್ಕೂ ಕಡಿಮೆ. ವೇಗ ಮಾತ್ರ ಸೆಕೆಂಡಿಗೆ 2150 ಅಡಿ. ಸ್ಯಾಂಡರ್ಸನ್ನನ ಹತ್ತು ತೊಲದ ಕೆಲಸವನ್ನು ಎರಡೂಮುಕ್ಕಾಲು ತೊಲ ಮಾಡತೊಡಗಿತು.

ಆದರೆ ಆಳುವವರ ಭಯ ಬೇರೆಯೇ ಬಗೆಯದು. ಸೈನ್ಯದ ಹಳೆಯ ಬಂದೂಕುಗಳಿಗೆ ಇದೇ ಅಗಲದ ಗುಂಡು ದಂಗೆಕೋರರ ಕೈಸೇರಬಹುದೆಂದು ಹೆದರಿ, 1907ರ ಸುಮಾರಿಗೆ ಬ್ರಿಟಿಷ್ ಸರ್ಕಾರ ಭಾರತದಲ್ಲಿ .450 ರೈಫಲನ್ನು ನಿಷೇಧಿಸಿತು. ಕೋವಿ ತಯಾರಕರು ಸುಮ್ಮನಿರುವರೇ? .465, .470 ಎಂದು ಕೂದಲೆಳೆಯಷ್ಟು ಅಗಲ ಬದಲಿಸಿ ಅದೇ ಸರಕನ್ನು ಮಾರಿದರು. ನಮ್ಮ ಇಶಾಪುರದ ಕಾರ್ಖಾನೆಯ .315 ರೈಫಲಿನ ಜನ್ಮಕಥೆಯೂ ಇಂಥದ್ದೇ. ತನ್ನ ಸೈನ್ಯದ .303 ತೋಟಾ ಪ್ರಜೆಗಳಿಗೆ ಸಿಗಬಾರದೆಂಬ ಎಚ್ಚರಿಕೆಯಿಂದ, ಆಸ್ಟ್ರಿಯಾದ ಸೈನ್ಯದಲ್ಲಿದ್ದ ಹಳೆಯ ತೋಟಾವೊಂದು ಭಾರತದ ಬೇಟೆಗಾರನ ಪಾಲಿಗೆ ಬಂದಿತು. ಅದರ ಗುಂಡು 244 ಗ್ರೇನ್, ಒಂದೂಕಾಲು ತೊಲಕ್ಕೆ ತುಸು ಹೆಚ್ಚು. ಗತಿ ನಿಧಾನ, ಖ್ಯಾತಿಯೂ ಅಷ್ಟಕ್ಕಷ್ಟೆ. ಆದರೂ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳಾದ ಮೇಲೆಯೂ ರೈಫಲಿನ ಪರವಾನಗಿ ಪಡೆದ ಸಾಮಾನ್ಯನಿಗೆ ಅದೇ ಗತಿಯಾಯಿತು.

ಕನ್ನಡ ಓದುಗರಿಗೆ ಅತ್ಯಂತ ಪರಿಚಿತವಾದ ರೈಫಲ್ ಯಾವುದೆಂದರೆ ಕೆನೆತ್ ಆಂಡರ್ಸನ್ನನದು. ಬೆಂಗಳೂರಿನಲ್ಲಿ ನೆಲೆಸಿ, ಕನ್ನಡವನ್ನು ಮಾತಾಡಬಲ್ಲವನಾಗಿ, 1974ರಲ್ಲಿ ಅಲ್ಲಿಯೇ ತೀರಿಕೊಂಡ ಆತನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಮೇಲೆ .405 ವಿಂಚೆಸ್ಟರ್ ಎಂಬ ಹೆಸರು ಕೋವಿಯನ್ನು ಮುಟ್ಟದವರ ಬಾಯಲ್ಲೂ ನಿಂತಿತು. 1904ರಲ್ಲಿ ಹುಟ್ಟಿದ ಈ ತೋಟಾದ ಗುಂಡು 300 ಗ್ರೇನ್, ಒಂದೂಮುಕ್ಕಾಲು ತೊಲಕ್ಕೆ ಸ್ವಲ್ಪ ಕಡಿಮೆ. ವೇಗ ಸೆಕೆಂಡಿಗೆ 2200 ಅಡಿ. ಅಮೆರಿಕದ ಅಧ್ಯಕ್ಷನಾಗಿದ್ದ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಹೋದಾಗ ಸಿಂಹಕ್ಕೆ ಇದೇ ತಕ್ಕ ಮದ್ದೆಂದು ನಂಬಿದ್ದನು. 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ .375 ಬಂದಿತು. ಅದೇ 300 ಗ್ರೇನಿನ ಗುಂಡು ಅಲ್ಲಿ 2500 ಅಡಿಗೂ ಮಿಕ್ಕಿ ಓಡುತ್ತದೆ. ಅಗಲ ಕಡಿಮೆಯಾಗಿ ನೀಳವಾಗಿರುವುದರಿಂದ ಆಳಕ್ಕೂ ಇಳಿಯುತ್ತದೆ. ಕಾಗದದ ಮೇಲೆ ನೋಡಿದರೆ .375 ಎಲ್ಲ ವಿಧದಲ್ಲಿಯೂ ಮೇಲು. ಇಂದಿಗೂ ಆಫ್ರಿಕದಲ್ಲಿ ಅದಕ್ಕಿರುವ ಮರ್ಯಾದೆ ಕುಗ್ಗಿಲ್ಲ.

ಆದರೆ ಕಾಗದ ಬೇರೆ, ಕಾಡು ಬೇರೆ. ಕಬಿನಿಯ ದಂಡೆಯ ಬಿದಿರುಮೆಳೆಗಳಲ್ಲಿಯೂ ನಾಗರಹೊಳೆಯ ಲಂಟಾನದ ಪೊದೆಗಳಲ್ಲಿಯೂ ಮೂವತ್ತು ನಲವತ್ತು ಗಜದಾಚೆ ಪ್ರಾಣಿ ಕಾಣುವುದೇ ಕಷ್ಟ. ಆಂಡರ್ಸನ್ನನು ರಾತ್ರಿ ಮರಸು ಕೂತು ಟಾರ್ಚಿನ ಬೆಳಕಿನಲ್ಲಿ ಹೊಡೆದ ಹುಲಿಗೂ ಅವನಿಗೂ ನಡುವೆ ಇದ್ದದ್ದು ಅಂಗಳದಷ್ಟು ಅಂತರ. ಅಲ್ಲಿ ಮುನ್ನೂರು ಅಡಿ ವೇಗ ಹೆಚ್ಚಾದರೆಷ್ಟು, ಕಡಿಮೆಯಾದರೆಷ್ಟು? ಅವನಿಗೆ ಬೇಕಾಗಿದ್ದುದು ಮರುಕ್ಷಣದಲ್ಲಿ ಎರಡನೆಯ ತೋಟಾ ಒಳಗೆ ಸೇರಿಸುವ ಸನ್ನೆಗೋಲು. ವಿಂಚೆಸ್ಟರಿನಲ್ಲಿ ಅದು ಕೈಬೆರಳಿಗೇ ಸಿಗುವಂತಿತ್ತು. ಭಾರಿ ಗುಂಡು ಪೊದೆಯನ್ನು ಸೀಳಿಕೊಂಡು ನೇರವಾಗಿ ಹೋಗುತ್ತದೆಂಬ ನಂಬಿಕೆಯೊಂದು ಬೇಟೆಗಾರರಲ್ಲಿ ಉಂಟು. ಪರೀಕ್ಷಿಸಿ ನೋಡಿದವರು ಕಂಡಿರುವುದೇನೆಂದರೆ, ಕಡ್ಡಿ ತಗುಲಿದರೆ ದಾರಿ ತಪ್ಪದ ಗುಂಡೇ ಇಲ್ಲ.

ಇನ್ನು ಜಿಮ್ ಕಾರ್ಬೆಟ್ಟನ .275 ರಿಗ್ಬಿ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕೆ ಅವನಿಗೆ ಬಂದ ಉಡುಗೊರೆಯದು. 140 ಗ್ರೇನಿನ ಗುಂಡು ಒಂದು ತೊಲವೂ ಇಲ್ಲ. ಆಫ್ರಿಕದಲ್ಲಿ ಬೆಲ್ ಎಂಬ ಸ್ಕಾಟ್ಲೆಂಡಿನವನು ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೆಡವಿದ್ದು ಬಹುಪಾಲು ಇದೇ ಅಳತೆಯ ರೈಫಲಿನಿಂದ. ಅವನು ಆನೆಯ ಬುರುಡೆಯನ್ನು ಸೀಳಿ ಮಿದುಳಿನ ಸ್ಥಾನವನ್ನು ವಿದ್ಯಾರ್ಥಿಯಂತೆ ಅಭ್ಯಾಸ ಮಾಡಿದ್ದನು. ಸಾವಿರ ಆನೆಗಳೆಂಬ ಮಾತು ಓದುವವರ ಮೈ ನಡುಗಿಸುತ್ತದೆ. ಆದರೂ ಅವನಿಂದ ತಿಳಿಯುವ ವಿಷಯವೊಂದುಂಟು. ಗುಂಡು ಎಲ್ಲಿಗೆ ತಲುಪಬೇಕೆಂಬುದನ್ನು ಅರಿತವನಿಗೆ ಮುಕ್ಕಾಲು ತೊಲ ಸಾಕು, ಅರಿಯದವನಿಗೆ ಹತ್ತು ತೊಲವೂ ಸಾಲದು.

ಗುಂಡಿನ ಮೂತಿಯೂ ತೂಕದಷ್ಟೇ ಮುಖ್ಯ. ಮೂತಿಯಲ್ಲಿ ಸೀಸವು ತೆರೆದಿರುವ ಗುಂಡು ಮಾಂಸಕ್ಕೆ ತಗುಲಿದೊಡನೆ ಅಣಬೆಯಂತೆ ಅರಳುತ್ತದೆ. ಹುಲಿ, ಕಡವೆಗಳಿಗೆ ಅದು ತಕ್ಕದ್ದು. ಪೂರ್ತಿ ಲೋಹದ ಕವಚ ತೊಟ್ಟ ಗುಂಡು ಅರಳದೆ ಆಳಕ್ಕೆ ನುಗ್ಗುತ್ತದೆ. ಜೇನುಹುಟ್ಟಿನಂತೆ ಗೂಡುಗೂಡಾದ ಆನೆಯ ತಲೆಬುರುಡೆಯನ್ನು ದಾಟಲು ಅದೇ ಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಅನರ್ಥ. ಅರಳುವ ಗುಂಡು ಕಾಟಿಯ ಹೆಗಲ ಸ್ನಾಯುವಿನಲ್ಲಿಯೇ ಚಪ್ಪಟೆಯಾಗಿ ನಿಲ್ಲುತ್ತದೆ. ಕವಚದ ಗುಂಡು ಹುಲಿಯ ಒಂದು ಪಕ್ಕೆಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದು, ಹುಲಿ ಗಾಯಗೊಂಡು ಪೊದೆಯ ಪಾಲಾಗುತ್ತದೆ.

ಹವೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಬೇಸಗೆಯ ಬಿಸಿಲಿಗೆ ಹೊಗೆಯಿಲ್ಲದ ಹಳೆಯ ಮದ್ದಿನ ಒತ್ತಡ ಏರಿ, ಹಾರಿದ ತೋಟಾದ ಹಿತ್ತಾಳೆಯ ಕೋಶ ನಳಿಗೆಗೆ ಅಂಟಿಕೊಳ್ಳುತ್ತಿತ್ತು. ಇಂಗ್ಲೆಂಡಿನವರು ಭಾರತಕ್ಕೆಂದು ಮಾಡಿದ ತೋಟಾಗಳಿಗೆ ದೊಡ್ಡ ಕೋಶವಿಟ್ಟು ಒತ್ತಡವನ್ನು ತಗ್ಗಿಸಿದ್ದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಇನ್ನೊಂದು ಪೀಡೆ: ಕಾಗದದ ತೋಟಾ ಥಂಡಿಗೆ ಊದಿಕೊಂಡು ನಳಿಗೆಯೊಳಗೆ ಹೋಗಲು ಒಪ್ಪುತ್ತಿರಲಿಲ್ಲ.

ಹಾಗಾದರೆ ಹೊಸ ಕಾಲದ ರೈಫಲುಗಳು? 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ವೇಗದಲ್ಲಿ ಹಿಂದಿನವರನ್ನು ಬಹಳ ಹಿಂದಕ್ಕೆ ಹಾಕಿತು. 2007ರಲ್ಲಿ ಅಮೆರಿಕದಲ್ಲಿ ಹುಟ್ಟಿದ 6.5 ಕ್ರೀಡ್‌ಮೋರ್ ಎಂಬ ತೋಟಾವನ್ನು ಅಲ್ಲಿಯ ಬೇಟೆಗಾರರು ಹೊಗಳಿದ್ದೇ ಹೊಗಳಿದ್ದು. ಅದರ ಗುಂಡಿನ ತೂಕವೆಷ್ಟು? ಸಾಮಾನ್ಯವಾಗಿ 140 ಗ್ರೇನ್. ವೇಗ? ಸೆಕೆಂಡಿಗೆ ಸುಮಾರು 2700 ಅಡಿ. ಕಾರ್ಬೆಟ್ಟನ ಕಾಲದ .275ಕ್ಕೂ ಹೆಚ್ಚುಕಡಮೆ ಇದೇ ಅಂಕಿ! ನೂರು ವರ್ಷದ ಸಾಧನೆ ಎಲ್ಲಿ ಹೋಯಿತೆಂದು ಕೇಳಬಹುದು. ಅದು ಆಕಾರದಲ್ಲಿದೆ. ಹೊಸ ಗುಂಡು ಸೂಜಿಯಂತೆ ನೀಳವಾಗಿ ಗಾಳಿಯ ತಡೆಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ದೂರ ಹೋದಷ್ಟೂ ಹಳೆಯದಕ್ಕಿಂತ ಹೆಚ್ಚು ವೇಗವನ್ನು ಉಳಿಸಿಕೊಂಡಿರುತ್ತದೆ. ಜೊತೆಗೆ ದುರ್ಬೀನು, ದೂರವನ್ನು ಅಳೆದು ಹೇಳುವ ಲೇಸರ್ ಯಂತ್ರ. ತೆರೆದ ಬಯಲಿನಲ್ಲಿ ನಾನೂರು ಗಜದಾಚೆಯ ಜಿಂಕೆಗೆ ಇವೆಲ್ಲ ಸಾರ್ಥಕ. ಮೆಳೆಯ ಅಂಚಿನಲ್ಲಿ ಮೂವತ್ತು ಗಜದಲ್ಲಿ ನಿಂತ ಪ್ರಾಣಿಯ ಪಾಲಿಗೆ ಎರಡು ಗುಂಡುಗಳಿಗೂ ಭೇದವಿಲ್ಲ. ಅಷ್ಟೇ ಅಲ್ಲ, ಯಂತ್ರದ ಧೈರ್ಯದಿಂದ ಮೊದಲಿಗಿಂತ ದೂರದಿಂದ ಹೊಡೆಯುವ ಆಸೆ ಹುಟ್ಟುತ್ತದೆ. ಗುಂಡು ಹೊರಟು ಮುಟ್ಟುವಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೆ, ಎದೆಗೆ ಹೋಗಬೇಕಾದದ್ದು ಹೊಟ್ಟೆಗೆ ಹೋಗುತ್ತದೆ.

ತೋಟಾಗಳ ಹೋಲಿಕೆಯಲ್ಲಿ ಯಾವ ಪಟ್ಟಿಯೂ ಬರೆಯದ ಅಂಕಣ ಇದೊಂದೇ: ಅರೆಪೆಟ್ಟಿನ ಬೆಲೆ. ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತೆಂದು ಲೆಕ್ಕ. ಅದನ್ನು ಕೆಡವಿದ ಮೇಲೆ ಕಾರ್ಬೆಟ್ಟನು ಬಾಯಿ ತೆರೆದು ನೋಡಿದಾಗ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು, ಕೆಳಗಿನದು ಬುಡಮಟ್ಟ. ಎಂದೋ ಯಾರೋ ಹಾರಿಸಿದ ಗುಂಡು ಕೊಲ್ಲದೆ ಹಲ್ಲನ್ನಷ್ಟೇ ಮುರಿದಿತ್ತು. ತನ್ನ ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯನ ಕಡೆಗೆ ತಿರುಗಿತೆಂದು ಅವನು ಬರೆದನು. ಆ ಈಡು ಹೊಡೆದವನ ಹೆಸರು ಯಾರಿಗೂ ತಿಳಿಯದು. ಬೆಲೆ ತೆತ್ತವರು ಸೌದೆಗೆ, ಹುಲ್ಲಿಗೆ ಹೋದ ಹೆಂಗಸರು.

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಈ ಸೀಮೆಯಲ್ಲಿ ಬೇಟೆ ಅಪರಾಧ. ಕೋವಿ ಉಳಿದಿರುವುದು ಬೆಳೆ ಕಾಯುವುದಕ್ಕೆಂದು. ಚುನಾವಣೆ ಬಂದರೆ ಅದನ್ನೂ ಠಾಣೆಗೆ ಒಪ್ಪಿಸಿ ರಸೀತಿ ತರಬೇಕು. ಆದರೂ ಕಾಡಂಚಿನ ಊರುಗಳಲ್ಲಿ ಕತ್ತಲಲ್ಲಿ ಸದ್ದಾದ ಕಡೆಗೆ ಕೇಪಿನ ಕೋವಿಯಿಂದ ಚರೆ ಹಾರಿಸುವುದು ನಿಂತಿಲ್ಲ. ಹೊಲಕ್ಕೆ ಬಂದದ್ದು ಹಂದಿಯೋ ಆನೆಯೋ ನೋಡುವ ವ್ಯವಧಾನ ಹೆದರಿದವನಿಗೆಲ್ಲಿ? ಬೆಳೆ ಕಳೆದುಕೊಂಡವನ ಸಂಕಟವೂ ಸುಳ್ಳಲ್ಲ. ಆದರೆ ಆನೆಯನ್ನು ಕೊಲ್ಲಲು ಚರೆಗೆ ಶಕ್ತಿಯಿಲ್ಲ. ತೊಗಲಿನ ಕೆಳಗೆ ಕುಳಿತು ಕೀವಾಗಿ, ಅದನ್ನು ತಿಂಗಳುಗಟ್ಟಲೆ ನರಳಿಸಬಲ್ಲದು. ಹಾಗೆ ನೋಯುವ ಒಂಟಿ ಸಲಗದ ಎದುರಿಗೆ ಬೆಳಗಿನ ಜಾವ ಹಾಲು ಹಾಕಲು ಹೊರಟವನು ಸಿಕ್ಕುತ್ತಾನೆ.

ಬೆಟ್ಟದಪುರದ ಆ ಮನೆಯಲ್ಲಿ ಪೂಜೆ ಮುಗಿದಿತ್ತು. ಹುಡುಗನ ಕುತೂಹಲ ಮುಗಿದಿರಲಿಲ್ಲ.

"ತಾತ, ನೀವು ಹೊಡೆದದ್ದು ಯಾವುದಾದರೂ ತಪ್ಪಿಸಿಕೊಂಡಿತ್ತಾ?"

ತಾತ ಕೋವಿಯನ್ನು ಗೋಡೆಗೆ ಒರಗಿಸಿ, ಕೈಗೆ ಅಂಟಿದ್ದ ಎಣ್ಣೆಯನ್ನು ಪಂಚೆಯಂಚಿಗೆ ಒರೆಸಿಕೊಂಡರು. ಕಾಯಿದೆ ಬರುವುದಕ್ಕೆ ಮುಂಚಿನ ಮಾತು ಅದು.

"ಒಂದು ಕಡವೆ. ಎಲ್.ಜಿ. ತೋಟಾ ಹಾಕಿದ್ದೆ. ನಲವತ್ತು ಗಜಕ್ಕೆ ಬರೋ ತನಕ ತಾಳಬೇಕಾಗಿತ್ತು. ಅರವತ್ತಿತ್ತೋ, ಎಪ್ಪತ್ತಿತ್ತೋ, ತಾಳಲಿಲ್ಲ."

"ಆಮೇಲೆ?"

"ಮೂರು ದಿನ ಹುಡುಕಿದೆವು. ಹೊಳೆಯ ತನಕ ರಕ್ತ ಇತ್ತು. ಆಮೇಲೆ ಮಳೆ ಬಂತು."