‘ಮನೇಲಿ ಹೇಳಬೇಡ’ ಅಂದವರನ್ನು ನಂಬಬೇಡಿ

ನಮ್ಮ ತವರೂರಿನ ಹೆಸರು ಬ್ಲಫ್ ಅಂದ್ರೆ ಬೆಂಗಳೂರಿನ ಗೆಳತಿಯರು ಈಗಲೂ ನಗುತ್ತಾರೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಪವರ್ ಹೌಸ್ ಇದೆಯಲ್ಲ, ಅಲ್ಲಿಯದೇ ಊರು. ಇಂಗ್ಲಿಷಿನಲ್ಲಿ ಬ್ಲಫ್ ಅಂದರೆ ಕಡಿದಾದ ಬಂಡೆ ಎಂಬ ಅರ್ಥವೂ ಇದೆ, ಸುಳ್ಳು ಹೇಳಿ ನಂಬಿಸುವುದು ಎಂಬ ಅರ್ಥವೂ ಇದೆ. ಬಂಡೆಯಾದರೆ ಕಣ್ಣೆದುರೇ ಇರುತ್ತೆ, ಹುಷಾರಾಗಿ ಹೆಜ್ಜೆ ಇಡಬಹುದು. ಎರಡನೆಯದೇ ಕಷ್ಟ.

ಧಾರಾವಾಹಿಗಳಲ್ಲಿ ಕೆಟ್ಟವಳನ್ನು ಗುರುತಿಸೋದು ಸುಲಭ. ಹಣೆ ತುಂಬ ಬೊಟ್ಟು, ಕಣ್ಣು ತಿರುಗಿಸುವ ನೋಟ, ಹಿಂದೆ ಢಂ ಢಂ ಸಂಗೀತ. ನಿಜ ಜೀವನದಲ್ಲಿ ಸಂಗೀತ ಬರೋದಿಲ್ಲ. 2023ರಲ್ಲಿ ಬಂದ ‘ದಹಾಡ್’ ಎಂಬ ಹಿಂದಿ ವೆಬ್ ಸರಣಿಯನ್ನು ಕೆಲವರು ನೋಡಿರಬಹುದು. ಅದರಲ್ಲಿ ಕೊಲೆಗಾರ ಪಾಠ ಹೇಳುವ ಸಭ್ಯ ಮೇಷ್ಟ್ರು. ನೋಡಿದವರು ‘ಎಂಥ ಕಲ್ಪನೆ’ ಅಂದರು. ಆದರೆ ಅಂಥ ಕಥೆ ನಮ್ಮ ಕರ್ನಾಟಕದಲ್ಲೇ ನಡೆದುಹೋಗಿದೆ.

ದಕ್ಷಿಣ ಕನ್ನಡದ ಮೋಹನ್ ಕುಮಾರ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾಗಿದ್ದ ಬಡ ಹೆಣ್ಣುಮಕ್ಕಳನ್ನು ಹುಡುಕಿ, ‘ಏನೂ ಬೇಡ, ಮದುವೆಯಾಗ್ತೀನಿ’ ಅನ್ನುತ್ತಿದ್ದ. ಬೇರೆ ಊರಿಗೆ ಕರೆದೊಯ್ದು, ಮರುದಿನ ಬಸ್ ನಿಲ್ದಾಣದಲ್ಲಿ ಗರ್ಭ ತಡೆಯುವ ಮಾತ್ರೆ ಅಂತ ಸೈನೈಡ್ ಕೊಡುತ್ತಿದ್ದ. ಒಡವೆ ಲಾಡ್ಜಿನಲ್ಲೇ ಉಳಿದಿರುತ್ತಿತ್ತು. 2009ರಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಇಪ್ಪತ್ತು ಹೆಣ್ಣುಮಕ್ಕಳು ಹೋಗಿದ್ದರು.

ಅವನಿಗಿಂತ ಮೊದಲು ಸಿಕ್ಕಿಬಿದ್ದವಳು ‘ಸೈನೈಡ್ ಮಲ್ಲಿಕಾ’ ಎಂದು ಹೆಸರಾದ ಕೆಂಪಮ್ಮ. ಕಗ್ಗಲೀಪುರದ ಗೃಹಿಣಿ, ಚೀಟಿ ವ್ಯವಹಾರದಲ್ಲಿ ಕೈಸುಟ್ಟುಕೊಂಡು ಮನೆ ಬಿಟ್ಟವಳು. ದೇವಸ್ಥಾನಗಳಲ್ಲಿ ಕಣ್ಣೀರಿಡುವ ಹೆಂಗಸರ ಪಕ್ಕ ಕೂರುತ್ತಿದ್ದಳು. ಮಕ್ಕಳಿಲ್ಲ, ಕಾಯಿಲೆ ವಾಸಿಯಾಗಲಿಲ್ಲ, ಮನೆಯಲ್ಲಿ ನೆಮ್ಮದಿ ಇಲ್ಲ, ಎಲ್ಲವನ್ನೂ ತಾಳ್ಮೆಯಿಂದ ಕೇಳುತ್ತಿದ್ದಳು. ಆಮೇಲೆ ಪರಿಹಾರಕ್ಕೆ ಪೂಜೆ, ಮೈತುಂಬ ಒಡವೆ ಹಾಕಿಕೊಂಡು ಬೇರೆ ಊರಿನ ಕ್ಷೇತ್ರಕ್ಕೆ ಬಾ ಎಂಬ ಸೂಚನೆ, ಕಣ್ಣು ಮುಚ್ಚಿಸಿ ಕೊಡುವ ತೀರ್ಥ. ನಮ್ಮ ಮದ್ದೂರಿನ ವೈದ್ಯನಾಥಪುರದಲ್ಲೂ ಒಬ್ಬ ಹೆಣ್ಣುಮಗಳ ಜೀವ ಹೀಗೇ ಹೋಯಿತು. 2007ರ ಡಿಸೆಂಬರ್ 31ರಂದು ಕೆಂಪಮ್ಮ ಬೆಂಗಳೂರಿನಲ್ಲಿ ಪೊಲೀಸರ ಕೈಗೆ ಸಿಕ್ಕಳು.

ಆ ಸುದ್ದಿ ಓದಿ ಅನೇಕರು ‘ಅಷ್ಟೂ ಬುದ್ಧಿ ಬೇಡವೇ ಈ ಹೆಂಗಸರಿಗೆ?’ ಅಂದರು. ನಾನು ಅನ್ನಲಿಲ್ಲ. ಯಾಕೆ ಅಂತ ಹೇಳ್ತೀನಿ.

ಕೆಂಪಮ್ಮನ ಹೆಸರು ಯಾರಿಗೂ ಗೊತ್ತಿಲ್ಲದ ಕಾಲ ಅದು. ನನಗೆ ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ನೆಂಟರ ಮನೆಯ ಸೀಮಂತದಲ್ಲಿ ಆರತಿ ತಟ್ಟೆ ನನ್ನ ಕೈಗೆ ಬರುವಷ್ಟರಲ್ಲಿ ಯಾರೋ ಮೆಲ್ಲಗೆ ಅದನ್ನು ಆಚೆ ದಾಟಿಸಿಬಿಟ್ಟರು. ಮಳವಳ್ಳಿಯಿಂದ ಮದ್ದೂರಿನ ಬಸ್ ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ‘ಯಾಕವ್ವಾ, ಮುಖ ಸಪ್ಪಗೈತೆ?’ ಅಂದಳು. ಅಷ್ಟೇ. ಕೆ.ಎಂ. ದೊಡ್ಡಿ ಬರುವಷ್ಟರಲ್ಲಿ ಅಳುತ್ತಾ ಎಲ್ಲ ಹೇಳಿಬಿಟ್ಟಿದ್ದೆ. ಆರು ವರ್ಷದಲ್ಲಿ ಮನೆಯವರು ಯಾರೂ ಕೇಳದ ಮಾತನ್ನು ಆಕೆ ಕೇಳಿದ್ದಳು. ಇಳಿಯುವ ಮುಂಚೆ ಆಕೆ ಹೇಳಿದ್ದು: ‘ಶುಕ್ರವಾರ ಮದ್ದೂರು ಬಸ್ ಸ್ಟ್ಯಾಂಡಿಗೆ ಒಬ್ಬಳೇ ಬಾ. ಬೋಳು ಕತ್ತಲ್ಲಿ ದೇವರ ಮುಂದೆ ಕೂರಬಾರದು, ಸರ ಹಾಕ್ಕೊಂಡು ಬಾ. ಮನೇಲಿ ಹೇಳಬೇಡ, ಹೇಳಿದರೆ ಫಲ ಸಿಗಕ್ಕಿಲ್ಲ.’

ಹೋಗಲೇಬೇಕು ಅಂತ ನಿರ್ಧಾರ ಮಾಡಿದ್ದೆ. ಗುರುವಾರ ರಾತ್ರಿ ಸರ ತೆಗೆಯೋದನ್ನು ನನ್ನ ಓರಗಿತ್ತಿ ನೋಡಿಬಿಟ್ಟರು. ಹೇಳಬೇಕಾಯಿತು. ಅವರು ಬೈಯಲಿಲ್ಲ, ನಗಲಿಲ್ಲ. ‘ಸರಿ, ನಾನೂ ಬರ್ತೀನಿ ನಡಿ’ ಅಂದರು. ಮರುದಿನ ಇಬ್ಬರೂ ಎರಡು ಗಂಟೆ ಕಾದೆವು. ಆಕೆ ಬರಲಿಲ್ಲ. ದೂರದಿಂದ ನಮ್ಮಿಬ್ಬರನ್ನು ನೋಡಿ ಹಾಗೇ ಹೋದಳೋ, ಅಥವಾ ನಿಜಕ್ಕೂ ಒಳ್ಳೆಯವಳಾಗಿದ್ದು ಏನೋ ತೊಂದರೆಯಾಯಿತೋ, ಇವತ್ತಿಗೂ ಗೊತ್ತಿಲ್ಲ. ಆದರೆ ಕೆಂಪಮ್ಮನ ಸುದ್ದಿ ಓದಿದ ದಿನ ನನ್ನ ಕೈಯಲ್ಲಿದ್ದ ಕಾಫಿ ಲೋಟ ನಡುಗಿತ್ತು.

ಹಾಗಂತ ಬಸ್ಸಿನಲ್ಲಿ ಮಾತಾಡಿಸಿದವರನ್ನೆಲ್ಲ ಅನುಮಾನಿಸಿ ಅಂತ ನಾನು ಹೇಳೋದಿಲ್ಲ. ಅನುಮಾನವನ್ನೇ ಮೈಗೂಡಿಸಿಕೊಂಡರೆ ಬದುಕೋದಾದರೂ ಹೇಗೆ? ಮುಖ ನೋಡಿ ಮನಸ್ಸು ಅಳೆಯೋಕೆ ಯಾರಿಂದಲೂ ಆಗಲ್ಲ. ಒಂದೇ ಒಂದು ಗುರುತು ಇಟ್ಟುಕೊಳ್ಳಿ. ‘ಮನೇಲಿ ಹೇಳಬೇಡ, ಒಬ್ಬಳೇ ಬಾ’ ಎಂಬ ಮಾತು ಬಂದ ಕೂಡಲೇ ನಿಲ್ಲಿ. ಒಳ್ಳೆಯ ಪೂಜೆಗೂ ಒಳ್ಳೆಯ ಸಂಬಂಧಕ್ಕೂ ಗುಟ್ಟು ಬೇಕಾಗಿಲ್ಲ. ಈಗ ಫೋನಿನಲ್ಲಿ ಪೊಲೀಸ್ ವೇಷ ಹಾಕಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವವರ ಮೊದಲ ಷರತ್ತೂ ಇದೇ: ಯಾರಿಗೂ ಹೇಳಬಾರದು, ಫೋನ್ ಇಡಬಾರದು. ನಮ್ಮ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಫೋನಿಟ್ಟು, 1930ಕ್ಕೆ ಕರೆ ಮಾಡಿ.

ನಿಮ್ಮ ಕಷ್ಟ ಹೇಳಿಕೊಳ್ಳಲು ಒಬ್ಬರನ್ನಾದರೂ ಮೊದಲೇ ಆರಿಸಿಟ್ಟುಕೊಳ್ಳಿ. ಅಕ್ಕನೋ, ಪಕ್ಕದ ಮನೆಯವರೋ, ಹಳೆಯ ಗೆಳತಿಯೋ. ಹೊಸಬರು ಕರೆದ ಕಡೆ ಹೋಗುವ ಮುನ್ನ ಅವರಿಗೆ ಒಂದು ಮಾತು ತಿಳಿಸಿ. ಯಾರೂ ಇಲ್ಲವೆನ್ನಿಸಿದರೆ ಮಹಿಳಾ ಸಹಾಯವಾಣಿ 181 ಇದೆ.

ಇನ್ನು ಅತ್ತೆಯರಿಗೆ, ಗಂಡಂದಿರಿಗೆ ಒಂದು ಮಾತು. ಮನೆಯ ಹೆಣ್ಣುಮಗಳು ಅಪರಿಚಿತರ ಮುಂದೆ ಅತ್ತರೆ ಅವಳಿಗೆ ಬುದ್ಧಿ ಕಡಿಮೆ ಅಂತ ಅಲ್ಲ, ಮನೆಯಲ್ಲಿ ಅಳಲು ಜಾಗವಿಲ್ಲ ಅಂತ. ಆ ಜಾಗ ಖಾಲಿ ಬಿಟ್ಟರೆ ಯಾರಾದರೂ ಬಂದು ಕೂರುತ್ತಾರೆ. ರಾತ್ರಿ ಊಟವಾದ ಮೇಲೆ ಟೀವಿ ಆರಿಸಿ, ಹತ್ತು ನಿಮಿಷ ‘ಯಾಕಮ್ಮಾ, ಸಪ್ಪಗಿದೀಯಾ?’ ಅಂತ ಕೇಳಿ ನೋಡಿ. ಅಷ್ಟು ಕೇಳೋಕೆ ಏನೂ ಖರ್ಚಿಲ್ಲ, ಅಲ್ಲವೇ?